ಜಾಡು ಹಿಡಿಯುವ ಮರಿನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಜರ್ಮನಿಯ ಬವೇರಿಯಾದ ಒಂದು ಹಳ್ಳಿಯಲ್ಲಿ. ಮನೆಯ ಹಿತ್ತಲು ಮುಗಿದಲ್ಲಿ ಕಾಡು ಶುರು. ಮನೆಯಲ್ಲಿ ಕೆಂಚಿ ಇದ್ದಾಳೆ. ಕೆಂಪು ಮೈ, ಮಸಿ ಬಳಿದಂಥ ಮೂತಿ, ಜೋಲು ಕಿವಿ. ಈಡು ತಗುಲಿ ತಪ್ಪಿಸಿಕೊಂಡ ಜಿಂಕೆ, ಕಾಡುಹಂದಿಗಳ ಜಾಡು ಹಿಡಿದು ಹುಡುಕುವುದು ಅವಳ ಕಸುಬು. ಊರಿನವರು, ಇಲ್ಲಿನ ಕನ್ನಡದ ಗೆಳೆಯರು, ನಾಯಿ ಸಾಕಿರುವ ಪರಿಚಯದವರು, ಎಲ್ಲರೂ ತಿರುಗಿಸಿ ಮುರುಗಿಸಿ ಅವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಕೊರೆಯುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ನಾಯಿಗೆ ವಾಸನೆ ಹಿಡಿಯುವುದನ್ನೂ ಕಲಿಸಬೇಕಾ? ಅದು ಹುಟ್ಟಿನಿಂದಲೇ ಬರುತ್ತದೆ ಅಲ್ವಾ?

ಬರುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50–60 ಲಕ್ಷ. ನಾಯಿಯ ಮೂಗಿನಲ್ಲಿ 20 ಕೋಟಿಗೂ ಜಾಸ್ತಿ. ಇಷ್ಟು ಬಂಡವಾಳ ಇಟ್ಟುಕೊಂಡು ಹುಟ್ಟಿದ ಪ್ರಾಣಿಗೆ ಮೂಸುವುದನ್ನು ನಾವೇನು ಹೇಳಿಕೊಡೋಣ?

ಕಲಿಸಬೇಕಾದದ್ದು ಬೇರೆ. ಕಾಡಿನಲ್ಲಿ ಒಂದು ರಾತ್ರಿಗೆ ಹತ್ತಾರು ಪ್ರಾಣಿ ಓಡಾಡಿರುತ್ತವೆ. ಹತ್ತು ನಿಮಿಷದ ಹಿಂದೆ ದಾಟಿದ ಮೊಲದ ವಾಸನೆ ಬಾಣಲೆಯಿಂದ ಆಗತಾನೆ ತೆಗೆದ ಬೋಂಡಾ ಇದ್ದ ಹಾಗೆ. ನಿನ್ನೆ ಸಂಜೆ ಹೋದ ಜಿಂಕೆಯ ವಾಸನೆ ತಂಗಳನ್ನ. ಬೋಂಡಾ ಬಿಟ್ಟು ತಂಗಳಿನ ಹಿಂದೆ ಹೋಗು, ಅದೂ ನಿಧಾನವಾಗಿ, ಒಂದು ಕಿಲೋಮೀಟರ್ ಬೇಕಾದರೂ ಹೋಗು ಅಂತ ಒಪ್ಪಿಸಬೇಕು. ತರಬೇತಿ ಅಂದರೆ ಇಷ್ಟೇ. ಆದರೆ ಇದಕ್ಕೆ ಎರಡು ವರ್ಷ ಹಿಡಿಯುತ್ತದೆ.

ಇದು ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವ ಬೇಟೆನಾಯಿಯಾ?

ಅಲ್ಲ. ಇದರ ಕೆಲಸ ಶುರುವಾಗುವುದೇ ಈಡು ಹಾರಿದ ಮೇಲೆ. ಎಂಥ ಗುರಿಕಾರನಿಗೂ ಒಮ್ಮೊಮ್ಮೆ ಗುಂಡು ಸರಿಯಾಗಿ ತಗುಲುವುದಿಲ್ಲ. ಗಾಯಗೊಂಡ ಪ್ರಾಣಿ ಪೊದೆ ಸೇರುತ್ತದೆ. ಅದನ್ನು ಹಾಗೇ ನರಳಲು ಬಿಡುವಂತಿಲ್ಲ ಅಂತ ಜರ್ಮನಿಯ ಬೇಟೆ ಕಾನೂನು ಹೇಳುತ್ತದೆ. ಆಗ ಬರುವ ಫೋನೇ ನಮಗೆ. ನಾಯಿ ಉದ್ದ ಹಗ್ಗದ ತುದಿಯಲ್ಲಿ ಮುಂದೆ, ನಾನು ಹಿಂದೆ.

ಇಂಥ ನಾಯಿಗೆ ಇಲ್ಲಿ 'ಶ್ವೈಸ್‌ಹುಂಟ್' ಅನ್ನುತ್ತಾರೆ. ಶ್ವೈಸ್ ಅಂದರೆ ಮಾಮೂಲಿ ಜರ್ಮನ್‌ನಲ್ಲಿ ಬೆವರು, ಬೇಟೆಗಾರರ ಮಾತಿನಲ್ಲಿ ಮಾತ್ರ ರಕ್ತ. ಹೊಸದರಲ್ಲಿ ನಾನು 'ಬೆವರುನಾಯಿ' ಅಂದುಕೊಂಡು ಬಹಳ ದಿನ ತಲೆ ಕೆರೆದುಕೊಂಡಿದ್ದೆ.

ಕೆಂಚಿಯದು ಬವೇರಿಯಾದ ಗುಡ್ಡಗಾಡಿನ ತಳಿ. ಹನೋವರ್ ಕಡೆಯ ಜಾಡುನಾಯಿ ದಪ್ಪ, ಭಾರ, ಆಲ್ಪ್ಸ್‌ನ ಕಡಿದಾದ ಬಂಡೆಗಳ ಮೇಲೆ ಒದ್ದಾಡುತ್ತಿತ್ತು. ಹಾಗಾಗಿ 1870ರ ನಂತರ ಅದನ್ನು ಬೆಟ್ಟದ ಹಗುರ ನಾಯಿಗಳ ಜೊತೆ ಕೂಡಿಸಿ ಈ ತಳಿ ಮಾಡಿದರು. ಇದಕ್ಕೆಂದೇ 1912ರಲ್ಲಿ ಮ್ಯೂನಿಕ್‌ನಲ್ಲಿ ಕ್ಲಬ್ ಹುಟ್ಟಿತು. ದುಡ್ಡು ಇದೆ ಅಂತ ಈ ಮರಿ ಕೊಡುವುದಿಲ್ಲ. ನಾಯಿಗೆ ಕೆಲಸ ಇದೆಯಾ, ಕಾಡು ಇದೆಯಾ ಅಂತ ನೋಡುತ್ತಾರೆ. ಹೆಣ್ಣು ಕೊಡುವ ಮನೆಯವರೂ ಇಷ್ಟು ವಿಚಾರಿಸಲಿಕ್ಕಿಲ್ಲ.

ಊರಲ್ಲಿ, ನಮ್ಮ ತೋಟದ ಪಕ್ಕದ ಕಾಡಲ್ಲಿ ಇದನ್ನು ಮಾಡಬಹುದಾ?

ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಅಜ್ಜನ ಕಾಲದ ಕೋವಿ ಮನೆಯಲ್ಲಿದ್ದರೂ ಅಷ್ಟೇ, ಮಲೆನಾಡಾದರೂ ಕೊಡಗಾದರೂ ಅಷ್ಟೇ. ಇಲ್ಲಿ ಬರೆದದ್ದನ್ನು ಊರಿನ ಶಿಕಾರಿಗೆ ಬಳಸಬೇಡಿ.

ಜಾಡು ಹಿಡಿಯುವ ಕೆಲಸಕ್ಕೆ ನಮ್ಮಲ್ಲಿ ಬೇರೆ ದಾರಿ ಇದೆ. ಬಂಡೀಪುರದಲ್ಲಿ ರಾಣಾ ಅನ್ನುವ ಜರ್ಮನ್ ಶೆಫರ್ಡ್ ನಾಯಿ ಅರಣ್ಯ ಇಲಾಖೆಯಲ್ಲಿತ್ತು. ಕಳ್ಳಬೇಟೆಗಾರರ ಜಾಡು ಹಿಡಿಯುತ್ತಿತ್ತು. 2019ರಲ್ಲಿ ಜನರನ್ನು ಕೊಂದ ಹುಲಿಯನ್ನು ಹುಡುಕುವುದಕ್ಕೂ ಅದನ್ನು ಕರೆದೊಯ್ದಿದ್ದರು. ಕಲಿಕೆಯ ಮೂಲ ಒಂದೇ, ಉಪಯೋಗ ಬೇರೆ.

ಮುಧೋಳ ನಾಯಿಗೆ ಇದನ್ನು ಕಲಿಸಬಹುದಾ?

ಈ ಪ್ರಶ್ನೆ ಬರದ ವಾರವೇ ಇಲ್ಲ. ಮುಧೋಳ ಕಣ್ಣಿನ ನಾಯಿ. ಬಯಲಿನಲ್ಲಿ ದೂರದ ಮೊಲ ಅಲ್ಲಾಡಿದ್ದನ್ನು ಕಂಡು ಬಾಣದಂತೆ ಬಿಡುವುದಕ್ಕೆ ಅದರ ಮೈ ಆಗಿದೆ. ಉದ್ದ ಕಾಲು, ಸಣ್ಣ ಸೊಂಟ, ತೆಳ್ಳನೆ ತಲೆ. ಕೆಂಚಿಯ ಮೈ ನೋಡಿ, ಕಾಲು ಗಿಡ್ಡ, ಮೂಗು ಅಗಲ, ತಲೆ ತಗ್ಗಿಸಿದರೆ ಕಿವಿ ನೆಲಕ್ಕೆ ತಾಗುವಷ್ಟು ಇಳಿಯುತ್ತದೆ. ಓಡುವ ಆಸೆಗಿಂತ ಮೂಸುವ ಆಸೆ ಜಾಸ್ತಿ.

ಮುಧೋಳಕ್ಕೂ ಮೂಗಿದೆ, ಇಲ್ಲ ಅನ್ನಲ್ಲ. 2016ರಲ್ಲಿ ಸೇನೆಯವರು ಮೀರತ್‌ನ ತರಬೇತಿ ಕೇಂದ್ರಕ್ಕೆ ಮುಧೋಳ ಮರಿಗಳನ್ನು ಒಯ್ದದ್ದು ಸುದ್ದಿಯಾಗಿತ್ತು. ಮನೆಯಲ್ಲಿ ಆಟಕ್ಕೆ ಜಾಡು ಕಲಿಸಿ, ಖುಷಿಯಾಗಿ ಕಲಿಯುತ್ತದೆ. ಆದರೆ ಮುಂದೆ ಏನಾದರೂ ಓಡಿದರೆ ಅದರ ಮೂಗು ಮರೆತು ಕಣ್ಣು ಎದ್ದು ಕೂರುತ್ತದೆ. ಅದು ಅದರ ತಪ್ಪಲ್ಲ.

ಮರಿಗೆ ಎಷ್ಟು ತಿಂಗಳಾದಾಗ ಶುರು ಮಾಡಬೇಕು?

ಮನೆಗೆ ಬಂದ ವಾರವೇ. ಎಂಟರಿಂದ ಹತ್ತು ವಾರದ ಮರಿ ಸಾಕು. ಕೆಂಚಿಯ ಮೊದಲ ಪಾಠ ಹೀಗಿತ್ತು.

ಬೆಳಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಪಕ್ಕದ ಮನೆಯ ಅಜ್ಜ, ನಿವೃತ್ತ ಫಾರೆಸ್ಟರು, ತಮ್ಮ ಹುಲ್ಲುಗಾವಲಿನಲ್ಲಿ ಒಂದು ತುಂಡು ಜಿಂಕೆಯ ಲಿವರ್ರನ್ನು ದಾರಕ್ಕೆ ಕಟ್ಟಿ ಹದಿನೈದು ಮೀಟರ್ ಎಳೆದುಕೊಂಡು ಹೋದರು. ತುದಿಯಲ್ಲಿ ಕೆಂಚಿಯ ತಟ್ಟೆ, ಅದರಲ್ಲಿ ಅವಳ ಬೆಳಗಿನ ಊಟ. ವಾಪಸ್ ಬರುವಾಗ ಬಂದ ದಾರಿಯಲ್ಲೇ ಬರಲಿಲ್ಲ, ದೊಡ್ಡ ಸುತ್ತು ಹಾಕಿ ಬಂದರು. ನಾನು ಕೆಂಚಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ, ಅವರು ಎಳೆಯುವುದು ಅವಳಿಗೆ ಕಾಣದಂತೆ. ಆಮೇಲೆ ಶುರುವಿನ ಜಾಗದಲ್ಲಿ ಇಳಿಸಿದೆ.

ಅವಳು ಮೊದಲು ನನ್ನ ಬೂಟಿನ ದಾರ ಕಚ್ಚಿದಳು. ಒಂದು ಚಿಟ್ಟೆ ನೋಡಿದಳು. ಅಜ್ಜ ಏನೂ ಹೇಳಬೇಡ ಅಂತ ಕೈಸನ್ನೆ ಮಾಡಿದರು. ಒಂದು ನಿಮಿಷ ಕಳೆಯಿತು. ಮೂಗು ಆ ಗೆರೆಗೆ ತಾಗಿದ ಕೂಡಲೇ ಬಾಲದ ತುದಿ ನಿಂತುಹೋಯಿತು. ಆಮೇಲೆ ಹೊಲಿಗೆ ಯಂತ್ರದ ಸೂಜಿ ಹೊಲಿಗೆಯ ಗುರುತಿನ ಮೇಲೆ ಹೋದ ಹಾಗೆ, ಮೂಗು ಎತ್ತದೆ ತಟ್ಟೆಯವರೆಗೂ ಹೋದಳು. ಬಾಯಿ ತಟ್ಟೆಯಲ್ಲಿ ಹೂತಾಗ ನಾನು ಹತ್ತಿರ ಕೂತು ಬೆನ್ನು ಸವರಿದೆ. ಅಷ್ಟೇ ಪಾಠ, ಒಟ್ಟು ಮೂರು ನಿಮಿಷ.

ಇಲ್ಲಿ ಎರಡು ವಿಷಯ ಗಮನಿಸಿ. ಮರಿಗೆ ಹಸಿವಿರಬೇಕು. ಮತ್ತು ಊಟ ಸಿಕ್ಕಿದ್ದು ನನ್ನ ಕೈಯಿಂದಲ್ಲ, ಜಾಡಿನ ತುದಿಯಲ್ಲಿ.

ಅಲ್ಲಿಂದ ಮುಂದೆ?

ಮೂರನೇ ತಿಂಗಳಲ್ಲಿ ಐವತ್ತು ಮೀಟರ್, ಒಂದು ಮೆಲ್ಲಗಿನ ತಿರುವು. ನಾಲ್ಕನೇ ತಿಂಗಳಲ್ಲಿ ನೂರು, ಹುಲ್ಲು ಬಿಟ್ಟು ಮರಗಳ ಕೆಳಗೆ. ಆ ಹೊತ್ತಿಗೆ ಮರಿಯ ಹಲ್ಲು ಬೀಳುತ್ತದೆ, ಕೆಲವು ದಿನ ಯಾವುದರಲ್ಲೂ ಮನಸ್ಸಿರುವುದಿಲ್ಲ. ಎಳೆಯಬೇಡಿ, ಎರಡು ವಾರ ಬಿಟ್ಟುಬಿಡಿ. ಆರು ತಿಂಗಳಿನ ಸುಮಾರಿಗೆ ಲಿವರ್ ಎಳೆಯುವುದು ನಿಲ್ಲಿಸಿ ಗೊರಸು ಮತ್ತು ರಕ್ತಕ್ಕೆ ಬದಲಿಸುತ್ತೇವೆ. ಜಾಡು ಹಾಕಿ ಒಂದು ಗಂಟೆ ಬಿಡುವುದು, ಆಮೇಲೆ ಮೂರು ಗಂಟೆ, ಒಂದು ವರ್ಷದ ಹೊತ್ತಿಗೆ ಇಡೀ ರಾತ್ರಿ.

ಒಂದು ಸಲಕ್ಕೆ ಒಂದೇ ಕಷ್ಟ ಹೆಚ್ಚಿಸಿ. ದೂರ ಜಾಸ್ತಿ ಮಾಡಿದ ದಿನ ಜಾಡು ತಾಜಾ ಇರಲಿ. ಹಳೇ ಜಾಡು ಹಾಕಿದ ದಿನ ದೂರ ಕಡಿಮೆ ಇರಲಿ. ಎರಡನ್ನೂ ಒಟ್ಟಿಗೆ ಮಾಡಿ ಮರಿ ಸೋತರೆ, ಯಾವುದರಿಂದ ಸೋತಿತು ಅಂತಲೇ ನಿಮಗೆ ಗೊತ್ತಾಗುವುದಿಲ್ಲ.

ವಾರಕ್ಕೆ ಎಷ್ಟು ಸಲ?

ಒಂದು. ಜಾಸ್ತಿ ಅಂದರೆ ಎರಡು. ದಿನಾ ಮಾಡಿದರೆ ಬೇಸರ ಬರುತ್ತದೆ, ಬೇಸರ ಬಂದ ನಾಯಿ ಅವಸರ ಮಾಡುತ್ತದೆ. ಒಂದೇ ಜಾಗದಲ್ಲೂ ಮಾಡಬೇಡಿ, ಹಳೇ ಜಾಡು ಹೊಸದರ ಮೇಲೆ ಕೂತು ಗೊಂದಲವಾಗುತ್ತದೆ.

ರಕ್ತ ಎಲ್ಲಿಂದ ತರುತ್ತೀರಿ? ಎಷ್ಟು ಬೇಕು?

ಪರಿಚಯದ ಬೇಟೆಗಾರರಿಂದ, ಇಲ್ಲವೇ ಕಸಾಯಿಯಿಂದ ದನದ್ದೋ ಕುರಿಯದ್ದೋ. ಬಿಸಿ ಇರುವಾಗಲೇ ಕಡ್ಡಿಯಲ್ಲಿ ಕಲಕುತ್ತಾ ಇರಬೇಕು. ಹೆಪ್ಪಾಗುವ ನಾರು ಕಡ್ಡಿಗೆ ಸುತ್ತಿಕೊಂಡು ಬರುತ್ತದೆ, ಉಳಿದದ್ದು ನೀರಾಗಿಯೇ ಇರುತ್ತದೆ. ಸಣ್ಣ ಬಾಟಲಿಗಳಲ್ಲಿ ತುಂಬಿ ಫ್ರೀಜರ್‌ನಲ್ಲಿಡುತ್ತೇನೆ. ಒಮ್ಮೆ ಬೆಂಗಳೂರಿನಿಂದ ಬಂದ ಅತ್ತೆ ಐಸ್‌ಕ್ರೀಮ್ ಹುಡುಕಲು ಫ್ರೀಜರ್ ತೆಗೆದರು. ಆ ಕಥೆ ಬೇಡ ಬಿಡಿ.

ಪ್ರಮಾಣದಲ್ಲಿ ಎಲ್ಲರೂ ಎಡವುತ್ತಾರೆ. ರಕ್ತ ಜಾಸ್ತಿ ಹಾಕಿದರೆ ಮರಿಗೆ ಸುಲಭ ಅಂದುಕೊಳ್ಳುತ್ತಾರೆ. ಇಲ್ಲಿನ ಪರೀಕ್ಷೆಯಲ್ಲಿ 1000 ಮೀಟರಿಗೆ ಕಾಲು ಲೀಟರ್ ಮಾತ್ರ. ಕೋಲಿನ ತುದಿಗೆ ಸ್ಪಂಜಿನ ಚೂರು ಕಟ್ಟಿ, ರಕ್ತದಲ್ಲಿ ಅದ್ದಿ, ಹೆಜ್ಜೆಗೊಮ್ಮೆ ನೆಲಕ್ಕೆ ಮುಟ್ಟಿಸುತ್ತಾ ಹೋಗುವುದು. ರಕ್ತ ಸುರಿದ ಜಾಡು ಹೆದ್ದಾರಿ ಇದ್ದ ಹಾಗೆ. ನಾಯಿ ಮೂಗು ಎತ್ತಿಕೊಂಡೇ ಓಡುತ್ತದೆ, ಏನೂ ಕಲಿಯುವುದಿಲ್ಲ. ನಿಜವಾದ ಗಾಯದ ಜಾಡಿನಲ್ಲಿ ಎಷ್ಟೋ ಸಲ ನೂರಾರು ಮೀಟರ್ ಒಂದು ಹನಿಯೂ ಇರುವುದಿಲ್ಲ.

ರಕ್ತ ಇಲ್ಲದಿದ್ದರೆ ನಾಯಿ ಏನನ್ನು ಹಿಡಿದು ಹೋಗುತ್ತದೆ?

ಹೆಜ್ಜೆಯನ್ನು. ಜಿಂಕೆಯ ಗೊರಸು ಮಣ್ಣು ಕೆದರುತ್ತದೆ, ಹುಲ್ಲು ಜಜ್ಜುತ್ತದೆ. ಕೆದರಿದ ಮಣ್ಣಿಗೆ ಒಂದು ವಾಸನೆ, ಜಜ್ಜಿದ ಹುಲ್ಲಿಗೆ ಇನ್ನೊಂದು. ಹೊಸದಾಗಿ ಹುಲ್ಲು ಕತ್ತರಿಸಿದ ಜಾಗದಲ್ಲಿ ನಮಗೂ ಗೊತ್ತಾಗುತ್ತದಲ್ಲ, ಹಾಗೆ. ಇದರ ಮೇಲೆ ಜಿಂಕೆಯ ಗೊರಸಿನ ಸೀಳಿನಲ್ಲಿ ಇರುವ ಗ್ರಂಥಿಯ ವಾಸನೆ ಬೇರೆ. ಆ ವಾಸನೆ ಪ್ರತಿ ಪ್ರಾಣಿಗೂ ಬೇರೆ ಬೇರೆ ಅಂತ ಇಲ್ಲಿನ ಹಳಬರು ನಂಬುತ್ತಾರೆ. ಒಂದೇ ಹಿಂಡಿನ ಹತ್ತು ಜಾಡಿನಲ್ಲಿ ತನ್ನದನ್ನು ಮಾತ್ರ ಹಿಡಿದು ಹೋಗುವ ನಾಯಿ ನೋಡಿದ ಮೇಲೆ ನಾನೂ ನಂಬುತ್ತೇನೆ.

ಯಾವ ಕಡೆಗೆ ಹೋಗಿದೆ ಅಂತಲೂ ನಾಯಿಗೆ ತಿಳಿಯುತ್ತದೆ. ಬೆಲ್‌ಫಾಸ್ಟ್‌ನ ವಿಶ್ವವಿದ್ಯಾಲಯವೊಂದರಲ್ಲಿ ಮನುಷ್ಯರ ಹೆಜ್ಜೆ ಇಟ್ಟು ನೋಡಿದ್ದರು. ಐದು ಹೆಜ್ಜೆ ಮೂಸಿದರೆ ದಿಕ್ಕು ಹೇಳುತ್ತಿದ್ದವು.

ಇದಕ್ಕೇ ಇಲ್ಲಿ ಗೊರಸಿನ ಬೂಟು ಇದೆ. ನಮ್ಮ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಟ್ಟೆ, ಅದಕ್ಕೆ ಸತ್ತ ಜಿಂಕೆಯ ನಿಜವಾದ ಗೊರಸನ್ನು ಸಿಕ್ಕಿಸಬಹುದು. ಹಾಕಿಕೊಂಡು ನಡೆದರೆ ಹೆಜ್ಜೆಹೆಜ್ಜೆಗೂ ಗೊರಸು ಮಣ್ಣಿಗೆ ಒತ್ತುತ್ತದೆ. ನೋಡುವವರಿಗೆ ಯಕ್ಷಗಾನದ ಹೊಸ ವೇಷಧಾರಿ ನಡೆದ ಹಾಗಿರುತ್ತದೆ. ನಡುವೆ ಎಲ್ಲೋ ಒಂದೆರಡು ಹನಿ ರಕ್ತ ಬಿಟ್ಟರೆ ಸಾಕು. ಒಂದು ಜಾಡಿಗೆ ಒಂದೇ ಪ್ರಾಣಿಯ ಗೊರಸು. ಎಡಕ್ಕೆ ಒಂದರದ್ದು ಬಲಕ್ಕೆ ಇನ್ನೊಂದರದ್ದು ಹಾಕಿದರೆ ನಾಯಿಗೆ ಏನಂತ ಅರ್ಥವಾಗಬೇಕು?

ಮರಿ ನನ್ನ ಹೆಜ್ಜೆಯನ್ನೇ ಹಿಡಿದು ಬಂದರೆ?

ಬರುತ್ತದೆ. ಜಾಡು ಹಾಕುವ ಕೆಲಸ ಬೇರೆಯವರಿಗೆ ಕೊಡಿ, ಆಗಾಗ ಬೇರೆ ಬೇರೆಯವರಿಗೆ. ನನಗೆ ಹೆಂಡತಿ, ಅಜ್ಜ, ಅಜ್ಜನ ಮೊಮ್ಮಗ, ಮೂವರು ಇದ್ದಾರೆ. ರಾತ್ರಿ ಕಳೆದರೆ ಮನುಷ್ಯನ ವಾಸನೆ ಸಾಕಷ್ಟು ಇಳಿದಿರುತ್ತದೆ, ಗೊರಸಿನದು ನಿಂತಿರುತ್ತದೆ. ಇದು ನಾವು ಕಂಡುಕೊಂಡ ಲೆಕ್ಕ.

ಹಗ್ಗ, ಪಟ್ಟಿ ಏನು ಬೇಕು?

ಅಗಲವಾದ ಚರ್ಮದ ಕೊರಳಪಟ್ಟಿ, ಗುಂಡಗೆ ತಿರುಗುವ ಕೊಂಡಿ ಇರುವುದು. ಹತ್ತು ಮೀಟರ್ ಹಗ್ಗ. ಚರ್ಮದ್ದು ಚಂದ, ಆದರೆ ಮಳೆಯಲ್ಲಿ ನೆನೆದರೆ ಎತ್ತು ಎಳೆದಷ್ಟು ಭಾರ. ಈಗ ಸಿಗುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹೊದಿಕೆಯ ಹಗ್ಗ ಪೊದೆಗೆ ಸಿಕ್ಕಿಕೊಳ್ಳದೆ ಜಾರುತ್ತದೆ. ನಾನು ಅದನ್ನೇ ಬಳಸುತ್ತೇನೆ. ಅಜ್ಜನಿಗೆ ಇದು ಸ್ವಲ್ಪವೂ ಇಷ್ಟವಿಲ್ಲ.

ಈ ಪಟ್ಟಿ ಜಾಡಿಗೆ ಮಾತ್ರ. ವಾಕಿಂಗ್‌ಗೆ ಬೇರೆ ಪಟ್ಟಿ. ಕೆಂಚಿಗೆ ಈ ಪಟ್ಟಿಯ ಬಕಲ್ ಸದ್ದಾದರೆ ಸಾಕು, ಮುಖವೇ ಬದಲಾಗುತ್ತದೆ. ಶಾಲೆಗೆ ಯೂನಿಫಾರ್ಮ್ ಹಾಕಿದ ಮಗುವಿನ ಹಾಗೆ.

ಪಟ್ಟಿ ಹಾಕಿದ ಮೇಲೂ ಕೂಡಲೇ ಹೊರಡುವುದಿಲ್ಲ. ಅವಳು ಸ್ವಲ್ಪ ದೂರದಲ್ಲಿ ಮಲಗಿರಬೇಕು, ನಾನು ಈಡು ಬಿದ್ದ ಜಾಗವನ್ನು ಬಗ್ಗಿ ನೋಡುತ್ತೇನೆ. ಕೂದಲು, ಮೂಳೆ ಚೂರು, ಹನಿ. ನಾನು ನೋಡುತ್ತಿರುವುದನ್ನು ನೋಡಿ ನೋಡಿ ಅವಳಿಗೂ ಕುತೂಹಲ ಏರುತ್ತದೆ. ಆಮೇಲೆ ಕರೆದು, ನೆಲ ತೋರಿಸಿ, ಮೆಲ್ಲಗೆ 'ಜಾಡು ಹಿಡಿ ಕೆಂಚಿ' ಅನ್ನುತ್ತೇನೆ. ಹೌದು, ಕನ್ನಡದಲ್ಲೇ. ಜರ್ಮನ್ ಬೇಟೆಗಾರರು ಕಕ್ಕಾಬಿಕ್ಕಿಯಾಗಿ ನೋಡುತ್ತಾರೆ.

ನನ್ನ ಮರಿ ಸಿಕ್ಕಾಪಟ್ಟೆ ವೇಗ. ಹಗ್ಗ ಎಳೆದುಕೊಂಡು ಓಡುತ್ತದೆ. ಏನು ಮಾಡಲಿ?

ವೇಗವಾಗಿ ಹೋದರೆ ಸಿಗದಂತೆ ಜಾಡು ಹಾಕಿ. ನೂರು ಮೀಟರಿನಲ್ಲಿ ನಾಲ್ಕು ಕಡೆ, ಗೆರೆಯ ಮೇಲೆಯೇ, ಎಲೆಯ ಕೆಳಗೆ ಒಂದೊಂದು ಮಾಂಸದ ಚೂರು ಅಡಗಿಸಿಡಿ. ಓಡಿದ ಮರಿಗೆ ತಪ್ಪುತ್ತದೆ, ಮೂಸಿದ ಮರಿಗೆ ಸಿಗುತ್ತದೆ. ಅದು ಒಂದು ಕಡೆ ನಿಂತು ಮೂಸಿದಾಗಲೆಲ್ಲ ನೀವೂ ನಿಲ್ಲಿ, ಹತ್ತಿರ ಹೋಗಿ ಮಂಡಿಯೂರಿ, ಅದು ತೋರಿಸಿದ ಹನಿಯನ್ನು ನೀವೂ ಆಸಕ್ತಿಯಿಂದ ನೋಡಿ. ನಾಟಕ ಮಾಡಿದರೂ ಪರವಾಗಿಲ್ಲ. 'ಇದನ್ನು ತೋರಿಸಿದರೆ ನಮ್ಮ ಯಜಮಾನನಿಗೆ ಖುಷಿ' ಅಂತ ಅದಕ್ಕೆ ತಿಳಿಯಬೇಕು. ಕಾಡಿನಲ್ಲಿ ಮುಂದೆ ಇದೇ ನಮ್ಮನ್ನು ಕಾಪಾಡುವುದು.

ಗದರಬೇಡಿ. ಹಗ್ಗ ಜಗ್ಗಬೇಡಿ.

ಮರಿ ಜಾಡು ಬಿಟ್ಟು ಬೇರೆ ಕಡೆ ಹೋಗುತ್ತಿದೆ ಅನ್ನಿಸಿದರೆ?

ಮೊದಲು, ನಿಮಗೆ ಅನ್ನಿಸಿದ್ದು ನಿಜವಾ ಅಂತ ಯೋಚಿಸಿ. ಈ ಪಾಠ ನಾನು ಕಲಿತದ್ದು ಕೆಂಚಿಗೆ ಹದಿನಾಲ್ಕು ತಿಂಗಳಾಗಿದ್ದಾಗ.

ನವೆಂಬರ್. ಹಿಂದಿನ ಸಂಜೆ ಒಬ್ಬರು ರೇ ಜಿಂಕೆಗೆ ಈಡು ಹೊಡೆದಿದ್ದರು. ರೇ ಅಂದರೆ ನಮ್ಮ ಕಾಡುಕುರಿಯಷ್ಟೇ ಸಣ್ಣದು, ಅದರ ಹಾಗೇ ಬೊಗಳುತ್ತದೆ ಕೂಡ. ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಹಗ್ಗದ ತುದಿಯ ನಾಯಿ ಕಾಣುತ್ತಿರಲಿಲ್ಲ. ಮುನ್ನೂರು ಮೀಟರ್ ಚೆನ್ನಾಗಿ ಹೋದೆವು. ಒಂದು ಮಣ್ಣುರಸ್ತೆ ಬಂತು. ರಸ್ತೆಯ ಅಂಚಿನಲ್ಲಿ ರಕ್ತ ನನಗೇ ಕಂಡಿತು, ರಸ್ತೆಗುಂಟ ಮೇಲಕ್ಕೆ. ಕೆಂಚಿ ಹತ್ತು ಮೀಟರ್ ಮೇಲಕ್ಕೆ ಹೋಗಿ, ತಿರುಗಿ ಬಂದು, ಎಡಗಡೆಯ ಮುಳ್ಳುಪೊದೆಗೆ ಎಳೆದಳು. ಮೊಲ ಇರಬೇಕು ಅಂದುಕೊಂಡೆ. ಎಳೆದು ತಂದು ರಸ್ತೆಯ ರಕ್ತದ ಮೇಲೆ ನಿಲ್ಲಿಸಿದೆ. ಮತ್ತೆ ಪೊದೆಗೇ ಹೋದಳು. ಮತ್ತೆ ತಂದೆ. ಮೂರನೇ ಸಲ ಅವಳು ಕೂತುಬಿಟ್ಟು ನನ್ನನ್ನು ನೋಡಿದಳು. ಹಿಂದೆ ನಿಂತಿದ್ದ ಅಜ್ಜ ಅಂದರು: 'ಮೂಗು ಯಾರದ್ದು? ನಿನ್ನದಾ, ಅವಳದ್ದಾ?'

ಹಗ್ಗ ಸಡಿಲ ಬಿಟ್ಟೆ. ಪೊದೆಯೊಳಗೆ ತೆವಳಿಕೊಂಡೇ ಹೋಗಬೇಕಾಯಿತು, ಜಾಕೆಟ್ ಹರಿಯಿತು. ಮೂವತ್ತು ಮೀಟರ್ ಒಳಗೆ ಅವಳು ನಿಂತಳು, ಮೂಗು ಒಂದು ಬೀಚ್ ಮರದ ಎಲೆಗೆ ಒತ್ತಿಕೊಂಡು. ಎಲೆ ತಿರುಗಿಸಿದೆ. ಅಡಿಭಾಗದಲ್ಲಿ ಸಾಸಿವೆಯಷ್ಟು ಒಣಗಿದ ರಕ್ತ. ಜಿಂಕೆ ರಸ್ತೆಯಲ್ಲಿ ಸ್ವಲ್ಪ ಮೇಲೆ ಹೋಗಿ, ಅದೇ ಹೆಜ್ಜೆಯಲ್ಲಿ ಹಿಂದೆ ಬಂದು ಪೊದೆ ಸೇರಿತ್ತು. ಇನ್ನೂರು ಮೀಟರ್ ಆಚೆ ಸಿಕ್ಕಿತು. ರಾತ್ರಿಯೇ ಸತ್ತಿತ್ತು.

ಹಾಗಾಗಿ ನಾನು ಈಗ ಮಾಡುವುದು ಇದು. ನಾಯಿ ಗೊಂದಲದಲ್ಲಿದ್ದರೆ ನಾನು ನಿಂತುಬಿಡುತ್ತೇನೆ. ಹಗ್ಗದ ಉದ್ದಕ್ಕೆ ಅದು ಅರ್ಧ ವೃತ್ತ ಹೊಡೆಯಲಿ. ಮೂಗು ಮತ್ತೆ ಇಳಿದು ಹಗ್ಗ ಬಿಗಿಯಾದರೆ ಹಿಂದೆ ಹೋಗುತ್ತೇನೆ. ನೂರು ಮೀಟರ್ ಹೋದರೂ ಅದು ಏನೂ ತೋರಿಸಲಿಲ್ಲ, ತಲೆ ಎತ್ತಿಕೊಂಡಿದೆ, ಬಾಲ ಕುಣಿಯುತ್ತಿದೆ ಅಂದರೆ ಅದು ಬೋಂಡಾದ ಹಿಂದೆ ಬಿದ್ದಿದೆ. ಆಗ ಬೈಯದೆ ಎತ್ತಿಕೊಂಡು ಕೊನೆಯ ಹನಿ ಸಿಕ್ಕ ಜಾಗಕ್ಕೆ ತಂದು ಮತ್ತೆ ಶುರು. ಅದಕ್ಕೇ ಪ್ರತಿ ಹನಿಯ ಪಕ್ಕದ ಕೊಂಬೆಗೂ ಬಣ್ಣದ ಕಾಗದದ ಪಟ್ಟಿ ಕಟ್ಟುತ್ತಾ ಹೋಗಬೇಕು.

ಅಭ್ಯಾಸದಲ್ಲೂ ಇದನ್ನೇ ಕಲಿಯಬೇಕು. ಜಾಡು ಎಲ್ಲಿದೆ ಅಂತ ನಿಮಗೆ ಗೊತ್ತಿದ್ದರೆ ನಿಮ್ಮ ಕೈ ಹಗ್ಗದ ಮೂಲಕ ಚಾಡಿ ಹೇಳುತ್ತದೆ. ನಾಯಿ ಮೂಗು ಬಿಟ್ಟು ನಿಮ್ಮ ಕೈ ಓದುವುದನ್ನು ಕಲಿಯುತ್ತದೆ. ಎಂಟು ತಿಂಗಳಾದ ಮೇಲೆ ನಾಲ್ಕರಲ್ಲಿ ಒಂದು ಜಾಡಾದರೂ ನಿಮಗೇ ಗೊತ್ತಿಲ್ಲದ್ದು ಇರಲಿ. ಹಾಕಿದವರು ಹಿಂದೆ ಬರಲಿ, ಬಾಯಿ ಮುಚ್ಚಿಕೊಂಡು.

ಈಡು ತಗುಲಿದ ಕೂಡಲೇ ಹುಡುಕಲು ಹೋಗಬೇಕಲ್ವಾ?

ಇಲ್ಲ, ಇದು ಬಹಳ ಜನ ಮಾಡುವ ತಪ್ಪು. ಗಾಯಗೊಂಡ ಪ್ರಾಣಿ ಹಿಂದೆ ಯಾರೂ ಬರದಿದ್ದರೆ ಹತ್ತಿರದಲ್ಲೇ ಮಲಗುತ್ತದೆ. ಅಟ್ಟಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಗುಲಾಬಿ ಬಣ್ಣದ ನೊರೆ ರಕ್ತ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಸತ್ತಿರುತ್ತದೆ. ಕಡು ಕಂದು ಇದ್ದರೆ ಲಿವರ್, ಮೂರು ನಾಲ್ಕು ಗಂಟೆ ಕಾಯಬೇಕು. ಹಸಿರು ಹಸಿರಾಗಿ, ಮೇವಿನ ಚೂರು ಬೆರೆತಿದ್ದರೆ ಹೊಟ್ಟೆ. ಸಂಜೆಯಾದರೆ ಬೆಳಗಿನವರೆಗೂ ಕಾಯುತ್ತೇವೆ. ಈ ಕಾಯುವಿಕೆಯಿಂದಲೇ ಮರಿಗೆ ಹಳೇ ಜಾಡು ಕಲಿಸುವುದು.

ಕಾಡುಹಂದಿ ಆದರೆ ಕತ್ತಲಲ್ಲಿ ಹೋಗುವ ಮಾತೇ ಇಲ್ಲ. ಗಾಯದ ಹಂದಿ ಏನು ಮಾಡುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಯಾವ ಹವೆ ಒಳ್ಳೆಯದು?

ತಂಪು, ತೇವ, ಗಾಳಿ ಇಲ್ಲದ ಹೊತ್ತು. ತುಂತುರು ಮಳೆ ಒಳ್ಳೆಯದೇ. ಒಣ ಬಿಸಿಲು, ಜೋರು ಗಾಳಿ ಕೆಟ್ಟದ್ದು. ಹೆಪ್ಪುಗಟ್ಟಿದ ನೆಲದಲ್ಲಿ ವಾಸನೆ ಮುದುಡಿರುತ್ತದೆ, ಬಿಸಿಲು ತಾಗಿ ಕರಗುವಾಗ ಮತ್ತೆ ಏಳುತ್ತದೆ.

ಮೇ, ಜೂನ್‌ನಲ್ಲಿ ಎತ್ತರದ ಹುಲ್ಲಿನಲ್ಲಿ ಜಾಡು ಹಾಕುವುದಿಲ್ಲ. ಜಿಂಕೆಮರಿಗಳು ಅಲ್ಲಿ ಅಲುಗಾಡದೆ ಮಲಗಿರುತ್ತವೆ. ಬೇರೆ ಸಮಯದಲ್ಲೂ ಆ ಕಾಡಿನ ಬೇಟೆ ಹಕ್ಕು ಯಾರದ್ದೋ ಅವರ ಒಪ್ಪಿಗೆ ಬೇಕು.

ಕೋವಿಯ ಸದ್ದಿಗೆ ಮರಿ ಹೆದರಿದರೆ?

ಹೆದರುವ ಮೊದಲೇ ಅಭ್ಯಾಸ ಮಾಡಿಸಿ. ಊಟ ಮಾಡುವಾಗ ಬಹಳ ದೂರದಲ್ಲಿ ಒಂದು ಸದ್ದು. ತಟ್ಟೆಯಿಂದ ತಲೆ ಎತ್ತಲಿಲ್ಲ ಅಂದರೆ ಮುಂದಿನ ವಾರ ಸ್ವಲ್ಪ ಹತ್ತಿರ. ಮರಿಯ ಪಕ್ಕದಲ್ಲಿ ನಿಂತು 'ನೋಡೋಣ' ಅಂತ ಹಾರಿಸುವವರನ್ನು ಕಂಡಿದ್ದೇನೆ. ಒಂದೇ ಸದ್ದಿಗೆ ನಾಯಿ ಜೀವನವಿಡೀ ಮಂಚದ ಕೆಳಗೆ.

ಕರೆಂಟ್ ಕೊಡುವ ಕಾಲರ್ ಬಳಸುತ್ತೀರಾ?

ಇಲ್ಲ. ಜರ್ಮನಿಯಲ್ಲಿ ಅದಕ್ಕೆ ನಿಷೇಧ ಇದೆ, 2006ರಲ್ಲಿ ಇಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ ಹಾಗೆ ತೀರ್ಪು ಕೊಟ್ಟಿದೆ. ನಿಷೇಧ ಇಲ್ಲದಿದ್ದರೂ ಬಳಸುತ್ತಿರಲಿಲ್ಲ. ನೆಲ ಮೂಸಿದಾಗ ಏಟು ಬಿದ್ದರೆ ನಾಯಿ ಮೊಲವನ್ನಲ್ಲ, ನೆಲವನ್ನೇ ಬಿಡುತ್ತದೆ.

ರೋಗಗಳ ಭಯ ಇಲ್ವಾ?

ಇದೆ. ಕಾಡುಹಂದಿಯ ಹಸಿ ಮಾಂಸ, ರಕ್ತ ನಾಯಿಯ ಬಾಯಿಗೆ ಹೋಗಬಾರದು. ಔಯೆಸ್ಕಿ ಅನ್ನುವ ರೋಗ ಹಂದಿಯಿಂದ ನಾಯಿಗೆ ಬರುತ್ತದೆ, ಬಂದರೆ ಉಳಿಯುವುದಿಲ್ಲ, ಔಷಧಿಯೂ ಇಲ್ಲ. ಹಾಗಾಗಿ ಹಂದಿ ಸಿಕ್ಕಾಗ ಕೆಂಚಿಗೆ ಬಹುಮಾನ ನನ್ನ ಜೇಬಿನಿಂದ. ಜಂತುಹುಳಕ್ಕೆ ಆಗಾಗ ಮಾತ್ರೆ. ಉಣ್ಣಿ ಅಂತೂ ಕೇಳಬೇಡಿ, ಪ್ರತಿ ಸಲ ಬಂದ ಮೇಲೆ ಕಿವಿಯ ಒಳಗೆ, ಕಾಲ್ಬೆರಳ ಸಂದಿ, ಎಲ್ಲ ನೋಡಬೇಕು. ಇಲ್ಲಿನ ಉಣ್ಣಿಯಿಂದ ಮನುಷ್ಯರಿಗೆ ಮೆದುಳು ಜ್ವರ ಬರುತ್ತದೆ. ಲಸಿಕೆ ನಾನೂ ಹಾಕಿಸಿಕೊಂಡಿದ್ದೇನೆ.

ಮರಿ ಪಾಸಾಯಿತು ಅಂತ ಹೇಗೆ ಗೊತ್ತಾಗುತ್ತದೆ?

ಪರೀಕ್ಷೆ ಇದೆ. ಬೇಟೆನಾಯಿ ಸಂಘಗಳ ಒಕ್ಕೂಟದ ಪರೀಕ್ಷೆಯಲ್ಲಿ ಕನಿಷ್ಠ 1000 ಮೀಟರ್ ಜಾಡು, ಕನಿಷ್ಠ 20 ಗಂಟೆ ಹಳೆಯದು, ನಡುವೆ ತಿರುವುಗಳು. ಕೆಂಚಿಯ ತಳಿಗೆ ಅದರ ಕ್ಲಬ್ ಬೇರೆಯೇ ಪರೀಕ್ಷೆ ನಡೆಸುತ್ತದೆ. ಕಾಗದ ಸಿಗುತ್ತದೆ, ಸಂತೋಷ. ಆದರೆ ಫೋನ್ ಮಾಡುವ ಬೇಟೆಗಾರರು ಕಾಗದ ಕೇಳುವುದಿಲ್ಲ, 'ಕಳೆದ ವಾರ ಹುಡುಕಿಕೊಟ್ಟ ಆ ಕೆಂಪು ನಾಯಿನಾ?' ಅಂತ ಕೇಳುತ್ತಾರೆ.

ಪ್ರಾಣಿ ಸಿಕ್ಕಿದಾಗ ಇಲ್ಲಿ ಒಂದು ಪದ್ಧತಿ. ಸ್ಪ್ರೂಸ್ ಮರದ ಒಂದು ಎಳೆ ಕೊಂಬೆ ಮುರಿದು ನಾಯಿಯ ಪಟ್ಟಿಗೆ ಸಿಕ್ಕಿಸುತ್ತಾರೆ. ಸನ್ಮಾನಕ್ಕೆ ಶಾಲು ಹೊದಿಸಿದ ಹಾಗೆ. ಕೆಂಚಿ ಅದನ್ನು ಎರಡೇ ನಿಮಿಷದಲ್ಲಿ ಕಿತ್ತು ಅಗಿಯುತ್ತಾಳೆ.

ಬೇಟೆ ಗೀಟೆ ಬೇಡ. ಬೆಂಗಳೂರಿನ ಫ್ಲಾಟ್‌ನಲ್ಲಿ ಬೀಗಲ್ ಇದೆ. ಅದಕ್ಕೆ ಇದನ್ನು ಕಲಿಸಬಹುದಾ?

ದಯವಿಟ್ಟು ಕಲಿಸಿ. ಬೀಗಲ್ ಮೂಲತಃ ಮೊಲದ ಜಾಡು ಹಿಡಿಯುವ ನಾಯಿ. ಅದನ್ನು ಎಂಟನೇ ಮಹಡಿಯಲ್ಲಿ ಕೂರಿಸಿ, ಸೋಫಾ ಕಚ್ಚುತ್ತದೆ ಅಂತ ದೂರಿದರೆ ಹೇಗೆ?

ಬೆಳಗ್ಗೆ ಬಿಸಿಲೇರುವ ಮೊದಲು, ಹಗ್ಗ ಕಟ್ಟಿ, ಯಾವುದಾದರೂ ಖಾಲಿ ಸೈಟಿಗೆ ಕರೆದೊಯ್ಯಿರಿ. ಮೊದಲು ಸೈಟನ್ನು ನೀವೇ ಒಮ್ಮೆ ನಡೆದು ನೋಡಿ, ಗಾಜಿನ ಚೂರು, ಬೀದಿನಾಯಿ ಇರಬಾರದು. ಬೇಯಿಸಿದ ಚಿಕನ್ ತುಂಡನ್ನು ಸಾಕ್ಸಿನಲ್ಲಿ ಕಟ್ಟಿ ಇಪ್ಪತ್ತು ಮೀಟರ್ ಎಳೆಯಿರಿ. ತುದಿಯಲ್ಲಿ ತಟ್ಟೆ. ರಕ್ತ ಬೇಡ, ಗೊರಸು ಬೇಡ. ಮನೆಯ ಮಕ್ಕಳು ಬಚ್ಚಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಅವರನ್ನೇ ಹುಡುಕುವುದನ್ನು ಕಲಿಸಬಹುದು. ಹತ್ತು ನಿಮಿಷ ಮೂಗು ದುಡಿದರೆ ಸುಸ್ತಾಗಿ ಮಲಗುತ್ತದೆ.

ಅಮ್ಮ ಪ್ರತಿ ಭಾನುವಾರ ಕೇಳುವ ಪ್ರಶ್ನೆ: ಇಷ್ಟೆಲ್ಲಾ ಓಡಿಸ್ತೀಯಲ್ಲ, ಆ ನಾಯಿಗೆ ಹೊಟ್ಟೆ ತುಂಬ ಅನ್ನ ಹಾಕ್ತೀಯೋ ಇಲ್ವೋ?

ಹಾಕ್ತೀನಿ ಅಮ್ಮ. ಜಾಡಿಗೆ ಹೋಗುವ ಮೊದಲು ಹಾಕುವುದಿಲ್ಲ, ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಇರುತ್ತದೆ. ಬಂದ ಮೇಲೆ ಒಂದು ಗಂಟೆ ಸುಧಾರಿಸಿಕೊಂಡು ಊಟ. ಹೋದ ವಾರ ನನ್ನ ತಟ್ಟೆಯ ಮೊಸರನ್ನವನ್ನೂ ನೆಕ್ಕಿ ಮುಗಿಸಿದ್ದಾಳೆ. ಒಗ್ಗರಣೆಯ ಮೆಣಸಿನಕಾಯಿ ಮಾತ್ರ ಬದಿಗೆ ಎತ್ತಿಟ್ಟಿದ್ದಳು.